ಬೆಂಕಿ ಬಿದ್ದ ವರ್ಷವನ್ನು ತೇಗದ ಬುಡ ಹೇಳಿತು

ನಮ್ಮ ಹೊಲದ ಬದುವಿನಲ್ಲಿದ್ದ ತೇಗದ ಮರ 2024ರ ಮೇ ತಿಂಗಳ ಮಳೆಗಾಳಿಗೆ ಮುರಿದು ಬಿತ್ತು. ಅಪ್ಪ ನೆಟ್ಟ ಮರ. ನೆಲದಿಂದ ಮೊಣಕಾಲೆತ್ತರದಲ್ಲಿ ಮುರಿದಿತ್ತು. ಹೊರಗಿನಿಂದ ಅಲ್ಲೊಂದು ಉದ್ದನೆಯ ಸೀಳುಗುರುತು ಮಾತ್ರ ಕಾಣುತ್ತಿತ್ತು. ಒಳಗೆ ನೋಡಿದರೆ ಗೆದ್ದಲು ಮಣ್ಣು, ಅದರ ಪಕ್ಕದಲ್ಲಿ ಅಂಗೈಯಗಲ ಇದ್ದಿಲಿನಂತೆ ಕಪ್ಪಾದ ಮರ.

ಆ ಕಪ್ಪು ಏನೆಂದು ನನಗೆ ಗೊತ್ತಿತ್ತು. ನಾನು ಹುಡುಗನಾಗಿದ್ದಾಗ ಆ ಬದುವಿನ ಮೇಲೆ ಬೆಂಕಿ ಹಾದು ನಮ್ಮ ಎರಡು ಬಣವೆ ಸುಟ್ಟುಹೋಗಿದ್ದವು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಕತೆ ಇತ್ತು. "ದೊಡ್ಡ ಬರದ ಬೇಸಿಗೆ. ಕಾವಲಿನಲ್ಲಿ ಮಂದೆ ಬಿಟ್ಟಿದ್ದ ಕುರಿಯವರು ಬೀಡಿ ಸೇದಿ ಬಿಸಾಕಿದ್ದು." ಅಪ್ಪ ಹೀಗೇ ಹೇಳುತ್ತಿದ್ದರು. ಮುಂದೆ ಮಂದೆ ಬಂದಾಗ ಅಪ್ಪ ನಾಲ್ಕು ಜನರ ಮುಂದೆ ಆ ಕುರಿಯವರನ್ನು ಬೈದರು. "ಆ ಬ್ಯಾಸ್ಗೇಲಿ ನಾವು ಇತ್ತ ಬಂದೇ ಇಲ್ಲ ಯಜಮಾನ್ರೆ" ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಅಲ್ಲಿಂದಾಚೆಗೆ ನಮ್ಮ ಹೊಲದಲ್ಲಿ ಆ ಮಂದೆ ಒಂದು ರಾತ್ರಿಯೂ ನಿಲ್ಲಲಿಲ್ಲ. ಕುರಿ ಗೊಬ್ಬರವಿಲ್ಲದ ಮಳೆಯಾಶ್ರಿತ ಕಡ್ಲೆಕಾಯಿ ಹೊಲ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಅರಣ್ಯ ವಿಜ್ಞಾನ ಓದುತ್ತಿರುವ ನಮ್ಮ ತಂಗಿಯ ಮಗಳು ಆಗ ರಜಕ್ಕೆ ಬಂದಿದ್ದಳು. "ಮಾವ, ಈ ಬೆಂಕಿ ಯಾವ ವರ್ಷದ್ದು ಅಂತ ಮರವನ್ನೇ ಕೇಳಬಹುದು" ಎಂದಳು. ನಾನು ನಕ್ಕೆ.

ಮರ ಬೆಂಕಿಯನ್ನು ಹೇಗೆ ಬರೆದಿಡುತ್ತದೆ?

ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಮಳೆ ಬಿದ್ದು ಚಿಗುರಿದಾಗ ತೊಗಟೆಯ ಕೆಳಗಿನ ಜೀವಪದರ ಹೊಸ ಮರ ಕಟ್ಟಲು ಶುರುಮಾಡುತ್ತದೆ. ಮೊದಲು ಕಟ್ಟುವ ಮರದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳ ಸಾಲಿರುತ್ತದೆ. ಆಮೇಲಿನದು ಗಟ್ಟಿ. ಹೀಗೆ ವರ್ಷಕ್ಕೊಂದು ಬಳೆ. ಒಳ್ಳೆ ಮಳೆಯಾದ ವರ್ಷ ಬಳೆ ದಪ್ಪ, ಬರದ ವರ್ಷ ಸಣ್ಣ.

ನೆಲದ ಹುಲ್ಲು ತರಗು ಉರಿದಾಗ ಬುಡದ ಒಂದು ಬದಿಗೆ ಕಾವು ಜಾಸ್ತಿ ತಗಲಿದರೆ ಅಷ್ಟಗಲ ಜೀವಪದರ ಸಾಯುತ್ತದೆ. ಮರ ಸಾಯುವುದಿಲ್ಲ. ಮುಂದಿನ ಮಳೆಯಿಂದ ಗಾಯದ ಎರಡೂ ಅಂಚಿನಿಂದ ಹೊಸ ಮರ ಸುರುಳಿ ಸುತ್ತಿಕೊಂಡು ಬಂದು ವರ್ಷ ವರ್ಷ ಅದನ್ನು ಮುಚ್ಚುತ್ತಾ ಹೋಗುತ್ತದೆ. ಗಾಯ ಯಾವ ಬಳೆಯ ಮೇಲೆ ಕೂತಿದೆಯೋ ಅದೇ ಲೆಕ್ಕ. ಒಂದು ಬಳೆ ಮುಗಿದು ಇನ್ನೊಂದು ಶುರುವಾಗುವ ಗೆರೆಯ ಮೇಲೇ ಇದ್ದರೆ ಬೆಂಕಿ ಬಿದ್ದದ್ದು ಬೇಸಿಗೆಯಲ್ಲಿ.

ಈ ಬಳೆ ಲೆಕ್ಕವನ್ನು ಶಾಸ್ತ್ರವಾಗಿ ಮಾಡಿದವರು ಅಮೆರಿಕದ ಡಗ್ಲಸ್ ಎಂಬ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳಿಗೂ ಮಳೆಗೂ ಸಂಬಂಧ ಹುಡುಕಲು ಹೊರಟು ಮರದ ಬಳೆಗೆ ಬಂದರಂತೆ. ಅವರು 1937ರಲ್ಲಿ ಅರಿಜೋನ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಪ್ರಯೋಗಾಲಯ ಕಟ್ಟಿದರು. ಅದೇ ಪ್ರಯೋಗಾಲಯದ ಸ್ವೆಟ್ನಂ ಎಂಬುವರು ಕ್ಯಾಲಿಫೋರ್ನಿಯದ ಸಿಕೋಯ ಎಂಬ ಭಾರೀ ಮರಗಳ ಗಾಯ ಓದಿ, ಸುಮಾರು ಎರಡು ಸಾವಿರ ವರ್ಷಗಳ ಕಾಡ್ಗಿಚ್ಚಿನ ಚರಿತ್ರೆಯನ್ನು 1993ರಲ್ಲಿ ಪ್ರಕಟಿಸಿದರು. ಇದಕ್ಕೆ ಬೆಳೆಯುವ ಮರ ಕಡಿಯಲೇಬೇಕೆಂದಿಲ್ಲ. ಸತ್ತ ಮರ, ಹಳೆ ಬುಡಗಳಿಂದ ಗಾಯದ ಹೋಳು ತೆಗೆಯುತ್ತಾರೆ. ಬರೀ ಬಳೆ ನೋಡಲು ಪೆನ್ಸಿಲ್ ದಪ್ಪದ ಕಡ್ಡಿಯನ್ನು ಟೊಳ್ಳು ಬೈರಿಗೆಯಿಂದ ಹೊರಗೆಳೆದರೆ ಸಾಕು.

ನಮ್ಮ ದೇಶದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕೇರಳದ ತೇಗದ ಬಳೆಗಳನ್ನು ಹೊಂದಿಸಿ 1481ರಿಂದ 2003ರವರೆಗೆ 523 ವರ್ಷಗಳ ಮಾಲೆ ಮಾಡಿದ್ದಾರೆ. ಮುಂಗಾರು ಕೈಕೊಟ್ಟ ವರ್ಷಗಳು ಅದರಲ್ಲಿ ಸಣ್ಣ ಬಳೆಯಾಗಿ ಕಾಣುತ್ತವೆ. ನಮ್ಮ ಹಿರಿಯರು ಹೇಳುತ್ತಿದ್ದ ಧಾತು ಈಶ್ವರ ಬರ, ಅಂದರೆ 1876-78ರ ಬರ, ಏಷ್ಯಾದ ಎಷ್ಟೋ ಕಡೆಯ ಮರಗಳಲ್ಲಿ ಬರೆದಿದೆ.

ಮೊದಲ ಎಣಿಕೆ ತಪ್ಪಿತು

ತೇಗವಾದ್ದರಿಂದ ಅರಣ್ಯ ಇಲಾಖೆಗೆ ತಿಳಿಸಿ ಅನುಮತಿ ಪಡೆದು ಮರ ತೆಗೆಸಿದೆ. ಬುಡವನ್ನು ಕೀಳಿಸಲಿಲ್ಲ. ಮುರಿದ ಜಾಗಕ್ಕಿಂತ ಸ್ವಲ್ಪ ಕೆಳಗೆ ಸಮನಾಗಿ ಕೊಯ್ಸಿ, ಬಡಗಿಯ ಕೈಲಿ ಉಜ್ಜುಗೊರಡು ಹೊಡೆಸಿ, ಉಪ್ಪು ಕಾಗದದಲ್ಲಿ ತಿಕ್ಕಿ ನೀರು ಸವರಿದೆವು. ಬಳೆಗಳು ಎದ್ದು ಕಂಡವು. ಗೆದ್ದಲು ತಿನ್ನದ ಬದಿಯಲ್ಲಿ ತೊಗಟೆಯಿಂದ ಒಳಕ್ಕೆ ಎಣಿಸುತ್ತಾ ಹತ್ತಕ್ಕೊಂದು ಗುಂಡುಸೂಜಿ ಚುಚ್ಚಿದೆ. ಮರ ಬಿದ್ದದ್ದು ಹೊಸ ಮಳೆಯ ಮರ ಕಟ್ಟುವ ಮೊದಲೇ. ಹಾಗಾಗಿ ಎಲ್ಲಕ್ಕೂ ಹೊರಗಿನ ಬಳೆ 2023ರದ್ದು.

ಗಾಯದ ಹೊರಗೆ 37 ಬಳೆ ಬಂತು. ಅಂದರೆ ಬೆಂಕಿ ಬಿದ್ದದ್ದು 1987ರ ಬೇಸಿಗೆ. ನಮ್ಮ ಕಡೆ 1985ರಿಂದ ಸಾಲಾಗಿ ಬಂದ ಬರದ ನಡು. "ನೋಡಮ್ಮ, ಅಪ್ಪ ಹೇಳಿದ್ದು ಸರಿಯಾಗೇ ಐತೆ" ಎಂದೆ.

ಅವಳು ಒಪ್ಪಲಿಲ್ಲ. "ಗಾಯದ ಒಳಮಗ್ಗುಲ ಬಳೆ ನೋಡಿ ಮಾವ. ನಿಮ್ಮ ಲೆಕ್ಕಕ್ಕೆ ಅದು 1986. ಬರದ ವರ್ಷದ ಬಳೆ ಇಷ್ಟು ದಪ್ಪ ಹ್ಯಾಗೆ? ಅಲ್ಲದೆ ಅಂಥಾ ಬರದಲ್ಲಿ ಎರಡು ಬಣವೆ ಹುಲ್ಲು ಎಲ್ಲಿತ್ತು?"

ಇಷ್ಟು ವರ್ಷ ಆ ಪ್ರಶ್ನೆ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿರಲಿಲ್ಲ.

ಎಣಿಕೆಯಲ್ಲಿ ಎಲ್ಲಿ ತಪ್ಪಿತೆಂದು ಅವಳೇ ತೋರಿಸಿದಳು. ನಮ್ಮ ಶಿರಾ ಸೀಮೆಯ ಮಳೆ ಎರಡು ಕಂತಿನದು. ಕೃತ್ತಿಕೆ, ರೋಹಿಣಿಯಲ್ಲಿ ಬಿದ್ದು ಪುನರ್ವಸು, ಪುಷ್ಯದಲ್ಲಿ ಕೈಕೊಟ್ಟು, ಉತ್ತರೆ ಹಸ್ತದಲ್ಲಿ ಮತ್ತೆ ಬರುತ್ತದೆ. ನಡುವೆ ತೀರಾ ಒಣಗಿದರೆ ಮರ ಬೇಸಿಗೆ ಬಂತೆಂದು ಗೆರೆ ಎಳೆದುಬಿಡುತ್ತದೆ. ಮಳೆ ಬಂದಾಗ ಮತ್ತೆ ಶುರು. ಒಂದೇ ವರ್ಷಕ್ಕೆ ಎರಡು ಬಳೆ. ಒಂದು ಸುಳ್ಳುಬಳೆ. ಬುಡದ ಸುತ್ತ ಬೆರಳಾಡಿಸಿಕೊಂಡು ಹೋದರೆ ಸುಳ್ಳುಬಳೆಯ ಗೆರೆ ಮಧ್ಯದಲ್ಲಿ ಮಾಯವಾಗುತ್ತದೆ. ನಿಜವಾದ ಗೆರೆ ಸುತ್ತು ಪೂರ್ತಿ ಬರುತ್ತದೆ.

ಇನ್ನೊಂದು ಉಪಾಯ, ಎಲ್ಲರಿಗೂ ಗೊತ್ತಿರುವ ವರ್ಷಗಳನ್ನು ಗೂಟವಾಗಿ ಹಿಡಿಯುವುದು. 2022ರಲ್ಲಿ ಮಾರಿಕಣಿವೆ 1933ರ ನಂತರ ಮೊದಲ ಬಾರಿ ಕೋಡಿ ಬಿತ್ತು. ಅಂಥಾ ಮಳೆ. 2023 ಬರ. ಹೊರಗಿನಿಂದ ಮೊದಲ ಬಳೆ ಸಣ್ಣ, ಎರಡನೆಯದು ದಪ್ಪ. ಸರಿಹೋಯಿತು. 2001, 2002, 2003 ಸತತ ಬರ. 21, 22, 23ನೇ ಬಳೆ ಸಣ್ಣ ಇರಬೇಕು. ನನ್ನ ಎಣಿಕೆಯಲ್ಲಿ 23, 24, 25 ಸಣ್ಣ ಬಂದಿದ್ದವು. ಎಂದರೆ ಅದಕ್ಕಿಂತ ಹೊರಗೆ ಎಲ್ಲೋ ಎರಡು ಸುಳ್ಳುಬಳೆ ಸೇರಿವೆ. ಹುಡುಕಿದಾಗ ಎರಡೂ ಸಿಕ್ಕವು. ವಿಜ್ಞಾನಿಗಳು ಒಂದೇ ಮರ ನಂಬದೆ ಹತ್ತಾರು ಮರಗಳ ದಪ್ಪ ಸಣ್ಣ ಸಾಲನ್ನು ಒಂದಕ್ಕೊಂದು ಹೊಂದಿಸಿ ನೋಡುವುದು ಇದೇ ಕಾರಣಕ್ಕೆ.

ತಿದ್ದಿದ ಮೇಲೆ ಗಾಯದ ಹೊರಗೆ 35 ಬಳೆ. ಬೆಂಕಿ 1989ರ ಬೇಸಿಗೆಯದು. ಒಳಮಗ್ಗುಲ ದಪ್ಪ ಬಳೆ 1988. ದೇಶಕ್ಕೆಲ್ಲ ಒಳ್ಳೆ ಮಳೆಯಾದ ವರ್ಷ. ಅದರ ಒಳಗಿನ ಮೂರು ಸಣ್ಣ ಬಳೆ 1987, 86, 85. ಎಲ್ಲಾ ತಾಳೆಯಾಯಿತು.

ಬರಕ್ಕಲ್ಲ, ಮಳೆಗೆ ಬೆಂಕಿ

ಬರದಲ್ಲಿ ಬೆಂಕಿ ಜಾಸ್ತಿ ಎಂದೇ ನಾನು ತಿಳಿದಿದ್ದೆ. ಆದರೆ ನಮ್ಮಂಥ ಕಾವಲಿನಲ್ಲಿ ಬರದ ವರ್ಷ ಉರಿಯಲು ಏನಿರುತ್ತದೆ? ಕುರಿ ಮೇಕೆ ಬುಡದವರೆಗೂ ಮೇಯ್ದಿರುತ್ತವೆ. ಮಳೆ ಚೆನ್ನಾದ ವರ್ಷ ಬಾದೆ ಹುಲ್ಲು ಸೊಂಟದೆತ್ತರ ಬೆಳೆದು, ಮೇಯದೆ ಉಳಿದು, ಮುಂದಿನ ಬೇಸಿಗೆಗೆ ಒಣಗಿ ನಿಲ್ಲುತ್ತದೆ. ಅಮೆರಿಕದ ಒಣಸೀಮೆಯ ಪೈನ್ ಮರಗಳ ಗಾಯಗಳಲ್ಲೂ ಇದೇ ಕಂಡಿದೆ. ದೊಡ್ಡ ಬೆಂಕಿಯ ವರ್ಷಗಳ ಹಿಂದಿನ ಒಂದೆರಡು ವರ್ಷ ಮಳೆ ಜಾಸ್ತಿ ಇರುತ್ತಿತ್ತಂತೆ. ಅಲ್ಲಿ 19ನೇ ಶತಮಾನದ ಕೊನೆಗೆ ಭಾರೀ ಮಂದೆಗಳು ಬಂದು ಹುಲ್ಲು ಮೇಯ್ದ ಮೇಲೆ ಸಣ್ಣ ಬೆಂಕಿಗಳು ನಿಂತವು. ಆಮೇಲೆ ಸರ್ಕಾರವೂ ಬೆಂಕಿ ಬೀಳಗೊಡಲಿಲ್ಲ. ಕಾಡು ಒತ್ತೊತ್ತಾಗಿ ಬೆಳೆದು, ಈಗ ಬಿದ್ದರೆ ಮರದ ತುದಿ ಸುಡುವ ಬೆಂಕಿಯೇ ಬೀಳುತ್ತದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇಂಥದೇ ಮಾತು ಹೇಳುತ್ತಾರೆ. ಅವರು ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ ತಣ್ಣನೆಯ ತರಗು ಬೆಂಕಿ 1974ರಲ್ಲಿ ವನ್ಯಧಾಮವಾದ ಮೇಲೆ ನಿಂತು, ಲಾಂಟಾನ ಹಬ್ಬಿತು ಎನ್ನುತ್ತಾರೆ. ಹಾಗೆಂದು ಬೆಂಕಿ ಹೆಚ್ಚಾದಷ್ಟೂ ಒಳ್ಳೆಯದೆಂದಲ್ಲ. ಪಕ್ಕದ ಮುದುಮಲೈಯಲ್ಲಿ ಹಳೆಯ ದಾಖಲೆ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1909-21ರಲ್ಲಿ ಸರಾಸರಿ 10 ವರ್ಷಕ್ಕೊಮ್ಮೆ ಬೀಳುತ್ತಿದ್ದ ಬೆಂಕಿ 1989-2002ರಲ್ಲಿ ಮೂರು ವರ್ಷಕ್ಕೊಮ್ಮೆ ಎಂಬಷ್ಟಾಗಿದೆ. ಸಸಿ ಮರವಾಗಲು ಅಷ್ಟು ಬಿಡುವು ಸಾಲದು.

ಗಾಯ ಯಾವ ದಿಕ್ಕಿಗಿತ್ತು?

ನಮ್ಮ ಬುಡದ ಗಾಯ ಮೂಡಲಿಗೆ, ಕಾವಲಿನ ಕಡೆಗೆ ಮುಖ ಮಾಡಿತ್ತು. "ಬೆಂಕಿ ಕಾವಲಿಂದಲೇ ಬಂದಿದ್ದು" ಎಂದು ಇನ್ನೊಮ್ಮೆ ಸಮಾಧಾನ ಮಾಡಿಕೊಂಡೆ. ಅದೂ ತಪ್ಪು. ಹರಿಯುವ ನೀರು ಕಲ್ಲಿನ ಹಿಂದೆ ಸುಳಿಯುವಂತೆ, ಗಾಳಿಯೊಡನೆ ಬಂದ ಉರಿ ಮರದ ಹಿಂಬದಿಯಲ್ಲಿ ಸುಳಿದು ಹೆಚ್ಚು ಹೊತ್ತು ನಿಲ್ಲುತ್ತದೆ. ಗಾಯ ಆಗುವುದು ಅಲ್ಲಿ. ಇಳಿಜಾರಾದರೆ ಮೇಲ್ಬದಿಯಲ್ಲಿ ತರಗು ಶೇಖರವಾಗಿ ಅಲ್ಲಾಗುತ್ತದೆ. ನಮ್ಮದು ಸಮತಟ್ಟು. ಎಂದರೆ ಬೆಂಕಿ ಬಂದದ್ದು ಪಡುವಲಿಂದ. ಪಡುವಲಿಗೆ ಇರುವುದು ನಮ್ಮದೇ ಹೊಲ.

1988ರ ಮಳೆಗೆ ಕಡ್ಲೆಕಾಯಿಯ ಅಕ್ಕಡಿ ಸಾಲಿನ ತೊಗರಿ ಆಳೆತ್ತರ ಬಂದಿತ್ತು. ಬೇಸಿಗೆಯಲ್ಲಿ ಆ ಕಡ್ಡಿ, ಕೂಳೆ ಆರಿಸಿ ಬದುವಿನ ಹತ್ತಿರ ಗುಡ್ಡೆ ಹಾಕಿ ಸುಟ್ಟವನು ನಾನು. ಆರಿತೆಂದುಕೊಂಡು ಮನೆಗೆ ಹೋದೆ. ಮಾರನೆ ಮಧ್ಯಾಹ್ನ ಬಣವೆ ಹತ್ತಿದಾಗ ಶಿರಾ ಪೇಟೆಯಲ್ಲಿದ್ದೆ. ಅಪ್ಪ ಕುರಿಯವರ ಹೆಸರೆತ್ತಿದಾಗ ಬಾಯಿ ಬಿಡಲಿಲ್ಲ. ಬರಬರುತ್ತಾ ಬೆಂಕಿ ಬರದ ವರ್ಷದ್ದು, ಕಡ್ಡಿ ಸುಟ್ಟದ್ದು ಬೇರೆ ವರ್ಷ ಎಂದು ಮನಸ್ಸು ನಂಬಿಬಿಟ್ಟಿತು. ಬರದಲ್ಲಿ ತೊಗರಿಯೇ ಇರಲಿಲ್ಲವಲ್ಲ!

ಮರ ಯಾರ ಹೆಸರನ್ನೂ ಹೇಳುವುದಿಲ್ಲ. ವರ್ಷ ಹೇಳುತ್ತದೆ, ದಿಕ್ಕು ಹೇಳುತ್ತದೆ. ಉಳಿದದ್ದು ನನಗೆ ಗೊತ್ತಿತ್ತು.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆ ಕುರಿಯವರು ಪಕ್ಕದ ಹಳ್ಳಿಯಲ್ಲಿ ಇನ್ನೂ ಇದ್ದಾರೆ. ಹೋಗಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ ಹೇಳೋಗಂಟ ಕಾಯ್ಬೇಕಾಗಿತ್ತಾ ತಮ್ಮ?" ಎಂದರು. ಅವರ ಮನೆಯಲ್ಲಿ ಈಗ ಕುರಿ ಇಲ್ಲ. ಮಕ್ಕಳು ಬೆಂಗಳೂರು ಸೇರಿದ್ದಾರೆ.

ಈಗ ನಾನು ಮಾಡುತ್ತಿರುವುದು

ತೊಗರಿ ಕಡ್ಡಿ ಸುಡುವುದಿಲ್ಲ. ದಪ್ಪನೆಯದು ಒಲೆಗೆ, ಉಳಿದದ್ದು ಗಿಡಗಳ ಬುಡಕ್ಕೆ ಮುಚ್ಚಿಗೆ. ಮಳೆ ಚೆನ್ನಾದ ವರ್ಷ ಸಂಕ್ರಾಂತಿ ಕಳೆಯುತ್ತಲೇ ಕಾವಲಿನ ಅಂಚಿನ ಬದುವಿನ ಹುಲ್ಲು ಕೊಯ್ದು ದನಕ್ಕೆ ಹಾಕಿ, ಎರಡು ಮಾರು ಅಗಲ ನೆಲ ಕೆರೆದು ಬರಿದು ಮಾಡುತ್ತೇನೆ. ಬಣವೆ ಬದುವಿನ ಹತ್ತಿರ ಹಾಕುವುದಿಲ್ಲ. ಬರದ ವರ್ಷ ಇಷ್ಟು ಕೆಲಸ ಬೇಕಾಗುವುದಿಲ್ಲ.

ನಿಮ್ಮಲ್ಲೂ ತೇಗದ ಹಳೆ ಬುಡವಿದ್ದರೆ ಕೀಳುವ ಮುಂಚೆ ಒಮ್ಮೆ ತಿಕ್ಕಿ ನೋಡಿ. ದಿಕ್ಕು ಗುರುತು ಮಾಡಿಕೊಳ್ಳಿ. ಗೊತ್ತಿರುವ ಬರ, ಗೊತ್ತಿರುವ ಮಳೆ ಹಿಡಿದು ಎಣಿಸಿ. ಒಂದೇ ಎಣಿಕೆಗೆ ನಿಲ್ಲಬೇಡಿ. ನನ್ನ ಮೊದಲ ಎಣಿಕೆ ನನಗೆ ಬೇಕಾದ ಉತ್ತರವನ್ನೇ ಕೊಟ್ಟಿತ್ತು.

ನಮ್ಮ ಬುಡ ಬದುವಿನಲ್ಲೇ ಇದೆ, ಗುಂಡುಸೂಜಿ ಸಮೇತ. ಪಕ್ಕದಲ್ಲೊಂದು ಚಿಗುರು ಎದ್ದಿದೆ.