ಹಳೆ ಪೈಥಾನಿನ ಕೈ ಬಿಟ್ಟದ್ದೇಕೆ?

ಗೆಳೆಯರೇ, ನಮ್ಮೂರ ಹೆಸರಿನಾಗ ಎಷ್ಟು ಅಕ್ಷರ ಅದಾವ, ಎಣಿಸಿ ನೋಡ್ರಿ. ವ, ಳ, ಕ, ಮ, ದಿ, ನ್ನಿ. ಒಟ್ಟು ಆರು. ಇದೇ ಹೆಸರನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ 3ನೇ ಆವೃತ್ತಿಗೆ ಕೊಟ್ಟು ಉದ್ದ ಕೇಳಿದರೆ 10 ಎನ್ನುತ್ತದೆ. ಹಳೆಯ 2ನೇ ಆವೃತ್ತಿಯೋ 30 ಎನ್ನುತ್ತಿತ್ತು!

ಯಾಕೆ ಹೀಗೆ? ಯುನಿಕೋಡ್ ಪಟ್ಟಿಯಲ್ಲಿ 'ದಿ' ಅಂದರೆ ದ ಮತ್ತು ಗುಡಿಸು, ಎರಡು ಚಿಹ್ನೆ. 'ನ್ನಿ' ಅಂದರೆ ನ, ಒತ್ತಕ್ಷರ ಮಾಡುವ ಚಿಹ್ನೆ, ಇನ್ನೊಂದು ನ, ಗುಡಿಸು, ಹೀಗೆ ನಾಲ್ಕು. ಉಳಿದ ನಾಲ್ಕು ಸೇರಿಸಿದರೆ 10. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಜಾಗ ಬೇಕು. ಹಳೆ ಪೈಥಾನ್ ಅಕ್ಷರ ಬಿಟ್ಟು ಆ ಬೈಟ್‌ಗಳನ್ನೇ ಎಣಿಸುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಹಾಗಾಗಿ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಪದದ ಮುಂದೆ 'ಯು' ಎಂದು ಗುರುತು ಹಾಕಿದರೆ ಹಳೆಯದೂ 10 ಎನ್ನುತ್ತಿತ್ತು, ಖರೆ. ಆದರೆ ಒಂದು ಕಡೆ ಮರೆತರೂ ಎಡವಟ್ಟು.

ಪೈಥಾನನ್ನು ಗೈಡೋ ವಾನ್ ರಾಸಮ್ ಎಂಬವರು 1991ರಲ್ಲಿ ಹೊರತಂದರು. 2ನೇ ಆವೃತ್ತಿ 2000ದಲ್ಲಿ, 3ನೆಯದು 2008ರಲ್ಲಿ ಬಂತು. ಎರಡಕ್ಕೂ ಹೊಂದಾಣಿಕೆ ಇಲ್ಲ. 7ನ್ನು 2ರಿಂದ ಭಾಗಿಸು ಎಂದರೆ ಹಳೆಯದು 3 ಎಂದು ಸುಮ್ಮನಾಗುತ್ತಿತ್ತು. ಹೊಸದು 3.5 ಎನ್ನುತ್ತದೆ. (ಗಣಿತದ ಗುರುಗಳು ಹಳೆಯದಕ್ಕೆ ಅರ್ಧ ಮಾರ್ಕ್ಸ್ ಕೊಟ್ಟಾರು!)

ಪ್ಯಾಕೇಜ್ ಎಂದರೆ ಒಬ್ಬರು ಬರೆದ ಪ್ರೋಗ್ರಾಮನ್ನು ಉಳಿದವರೂ ಬಳಸಲೆಂದು ಕಟ್ಟಿಕೊಟ್ಟ ಗಂಟು. ಗಂಟು ಕಟ್ಟುವವರು ಬಹಳ ವರ್ಷ ಎರಡೂ ಆವೃತ್ತಿಗೆ ಹೊಂದುವಂತೆ ಬರೆದರು. ಇದಕ್ಕೆಂದೇ 'ಸಿಕ್ಸ್' ಎಂಬ ಪ್ಯಾಕೇಜ್ ಹುಟ್ಟಿತು. ಎರಡು ಮೂರಲೆ ಆರು, ಅದಕ್ಕೇ ಆ ಹೆಸರು! ಏನೇ ತಿದ್ದಿದರೂ ಎರಡರಲ್ಲೂ ಪರೀಕ್ಷೆ ಮಾಡಬೇಕು. ಇವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ದುಡಿಯುವವರು. ಕೊನೆಗೆ ಜಾಂಗೋ ಎಂಬ ಪ್ಯಾಕೇಜ್ 2017ರಲ್ಲಿ, ನಂಪೈ 2019ರಲ್ಲಿ ಹಳೆಯದನ್ನು ಬಿಟ್ಟವು. ಪೈಥಾನ್ 2ಕ್ಕೆ ಮೊದಲು 2015 ಎಂದಿದ್ದ ಗಡುವು ಮುಂದೆ ಹೋಗಿ, 2020ರ ಜನವರಿ 1ಕ್ಕೆ ಮುಗಿಯಿತು.

ಕೈ ಬಿಟ್ಟರು ಅಂದರೆ ಹಳೆಯದು ಓಡುವುದೇ ಇಲ್ಲ ಅಂತಲ್ಲ. ರಿಪೇರಿ ಮಾಡುವವರು ಇರುವುದಿಲ್ಲ, ಅಷ್ಟೆ. ಕನ್ನಡದವರಾದ ನಮಗೆ 2ನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಈಗ ಒಂದೊಂದು ಆವೃತ್ತಿಗೂ ಆಯುಷ್ಯ ಐದೇ ವರ್ಷ. ವಿಂಡೋಸ್ 7 ಇರುವ ಯಂತ್ರಕ್ಕೆ ಪೈಥಾನ್ 3.8ೇ ಕೊನೆ. ಅದರ ರಿಪೇರಿಯೂ 2024ರ ಅಕ್ಟೋಬರಿನಲ್ಲಿ ನಿಂತಿತು. ಹಳ್ಳಿ ಶಾಲೆಗೆ ಒಂದು ಕಂಪ್ಯೂಟರ್ ಬಂದರೆ ಅದು ಕೆಡುವ ತನಕ ನಡೆಸುವವರು ನಾವು. ಐದು ವರ್ಷ ಎಲ್ಲಿ ಸಾಲ್ತದ?

ದಾರಿ ಇಲ್ಲವೆಂದಲ್ಲ. ಪ್ಯಾಕೇಜ್ ತರುವ 'ಪಿಪ್' ಎಂಬ ಸಾಧನ, ತನ್ನಲ್ಲಿರುವ ಪೈಥಾನಿಗೆ ಹೊಂದುವ ಹಳೆ ಗಂಟನ್ನೇ ಹುಡುಕಿ ತರುತ್ತದೆ. ಕಟ್ಟಿದವರು ಯಾವ ಪೈಥಾನಿಗೆ ಎಂದು ಬರೆದಿಟ್ಟಿರಬೇಕು, ಅಷ್ಟೆ. ಇಲ್ಲವೇ ಹಳೆ ಯಂತ್ರಕ್ಕೆ ಒಗ್ಗುವ ಲಿನಕ್ಸ್ ಹಾಕಿಸಿದರೆ ಹೊಸ ಪೈಥಾನೇ ಓಡುತ್ತದೆ. ಹಾಕಿಸುವ ಮುಂಚೆ ಅದರೊಳಗಿನ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಟ್ಟುಕೊಳ್ರಿ.