ಮೇಣದೊಳಗಿನ ಓಲೆ

ಧರ್ಮಪುರಿಯಿಂದ ಹೊಸೂರಿನ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲು ಪಾಲಕ್ಕೋಡನ್ನು ದಾಟಿ ಮಾರಂಡಹಳ್ಳಿಯನ್ನು ಸೇರುತ್ತದೆ. 1792ರಲ್ಲಿ ಮೈಸೂರಿನ ಸುಲ್ತಾನನ ಕೈತಪ್ಪಿ ಕುಂಪಣಿಯ ವಶವಾದ ಬಾರಾಮಹಲ್ ಸೀಮೆಯಿದು. 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದು ಅನಂತರ ಧರ್ಮಪುರಿಯದಾಯಿತು. ರಾಜ್ಯ ಜಿಲ್ಲೆಗಳು ಬದಲಾದರೂ ಊರಿನ ಹೆಸರಿನ ತುದಿಯಲ್ಲಿ ‘ಹಳ್ಳಿ’ಯು ಉಳಿದುಕೊಂಡಂತೆ, ಕನ್ನಡವೂ ಇಲ್ಲಿ ಕೆಲವು ಮನೆಗಳ ಒಲೆಯ ಮುಂದೆ ಉಳಿದುಕೊಂಡಿದೆ. ಇಲ್ಲಿ ಯಾರಿಗಾದರೂ ಜಠರದಲ್ಲಿಯೋ ಕರುಳಿನಲ್ಲಿಯೋ ಅರ್ಬುದ, ಎಂದರೆ ಕ್ಯಾನ್ಸರ್, ಇದೆಯೆಂದು ತಿಳಿದರೆ ಮನೆಯವರು ಚೆನ್ನೈಯಲ್ಲಿ 1954ರಲ್ಲಿ ಆರಂಭವಾದ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯ ಕಡೆಗಾದರೂ, 1973ರಲ್ಲಿ ತಲೆಯೆತ್ತಿದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕಡೆಗಾದರೂ ಮುಖಮಾಡಬೇಕು. ಎಲ್ಲಿಗೆ ಹೋದರೂ ವೈದ್ಯರ ಮೇಜಿನ ಮುಂದೆ ಕೇಳುವ ಪ್ರಶ್ನೆ ಒಂದೇ: “ಮುಂದೆ ಹೆಂಗೆ ಸಾರ್?”

ಈ ಪ್ರಶ್ನೆಗೆ ಬಹುಕಾಲ ಉತ್ತರವನ್ನು ಕೊಡುತ್ತಿದ್ದುದು ಗಂಟಿನ ವ್ಯಾಪ್ತಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ಎಂಬ ವೈದ್ಯನು 1932ರಲ್ಲಿ ಗುದನಾಳದ ಅರ್ಬುದಗಳನ್ನು ವಿಂಗಡಿಸಿ, ಕರುಳಿನ ಗೋಡೆಯೊಳಗೇ ಇರುವುದು, ಗೋಡೆಯನ್ನು ಭೇದಿಸಿದುದು, ದುಗ್ಧಗ್ರಂಥಿಗಳನ್ನು ಮುಟ್ಟಿದುದು ಎಂದು ಮೂರು ಮೆಟ್ಟಿಲು ಮಾಡಿದನು. ಇಂದಿನ ಹಂತಗಣನೆಯೂ ಬಹುಮಟ್ಟಿಗೆ ಅದೇ ಜಾಡಿನದು. ಆದರೆ ಒಂದೇ ಮೆಟ್ಟಿಲಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬನು ಶಸ್ತ್ರಚಿಕಿತ್ಸೆಯಾದ ಮೇಲೆ ಮೊಮ್ಮಕ್ಕಳ ಮದುವೆಯನ್ನು ಕಾಣುವುದೂ, ಇನ್ನೊಬ್ಬನಲ್ಲಿ ಎರಡೇ ವರ್ಷದೊಳಗೆ ರೋಗವು ಮರುಕಳಿಸುವುದೂ ಏಕೆಂಬುದನ್ನು ಆ ಲೆಕ್ಕವು ಹೇಳಲಾರದು.

ಅದನ್ನು ಹೇಳಬಲ್ಲುದು ಜೀವಕೋಶದ ಒಳಗಿನ ವಾಚನ. ಹಿಂದೆ ಅನೇಕ ಊರುಗಳಲ್ಲಿ ಮಹಾಭಾರತದ ಒಂದು ಪ್ರತಿ ಇರುತ್ತಿತ್ತು. ಆದರೆ ಮಳೆ ಬಾರದ ವರ್ಷ ಬಿಚ್ಚಿ ಓದಿಸುತ್ತಿದ್ದುದು ವಿರಾಟಪರ್ವವನ್ನು. ನಮ್ಮ ಶರೀರದ ಕೋಶಗಳ ವ್ಯವಸ್ಥೆಯೂ ಸರಿಸುಮಾರು ಇಂಥದೇ. ಚರ್ಮದ ಕೋಶಕ್ಕೂ ಕರುಳಿನ ಕೋಶಕ್ಕೂ ಇರತಕ್ಕ ಗ್ರಂಥವೊಂದೇ, ಸುಮಾರು 20,000 ಜೀನುಗಳುಳ್ಳದ್ದು. ಯಾವ ಕೋಶವು ಯಾವ ಪರ್ವವನ್ನು ಓದುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂಬುದರಿಂದಲೇ ಚರ್ಮವು ಚರ್ಮವಾಗಿ ಕರುಳು ಕರುಳಾಗಿ ನಿಲ್ಲುತ್ತದೆ. ಈ ಓದುವಿಕೆಗೆ ಜೀನಿನ ಅಭಿವ್ಯಕ್ತಿಯೆಂದು ಹೆಸರು. ಓದಿದ ಜೀನಿನಿಂದ ಮೊದಲು ಸಂದೇಶವಾಹಕ ಆರ್‌ಎನ್‌ಎ ಎಂಬ ಓಲೆಯೂ ಅದರಿಂದ ಪ್ರೋಟೀನೂ ಹುಟ್ಟುತ್ತವೆಯಾದುದರಿಂದ, ಇವುಗಳನ್ನು ಅಳೆದರೆ ಕೋಶದ ಮನಸ್ಸು ತಿಳಿಯುತ್ತದೆ.

ಗಟ್ಟಿಯಾಗಿ ಓದಿದ ಜೀನೇ ಅಪಾಯದ್ದೆಂದು ನಾವು ಭಾವಿಸುವುದು ಸಹಜ. ಆದರೆ ಕೆಲವೊಮ್ಮೆ ಭಯಪಡಬೇಕಾದುದು ಮೌನಕ್ಕೆ. ಸಿಡಿಎಕ್ಸ್-2 ಎಂಬ ಜೀನು ಕರುಳಿನ ಕೋಶಕ್ಕೆ ಅದರ ಕುಲಧರ್ಮವನ್ನು ನೆನಪಿಸುತ್ತಿರುವ ಹಿರಿಯನಂತೆ. ಅದರ ಪ್ರೋಟೀನು ಇದ್ದಲ್ಲಿ, ಪ್ರಯೋಗಾಲಯದ ಪ್ರತಿಕಾಯವನ್ನು ಹಾಕಿದರೆ ಕೋಶಕೇಂದ್ರವು ಕಂದುಬಣ್ಣಕ್ಕೆ ತಿರುಗುತ್ತದೆ, ಇಲ್ಲದಲ್ಲಿ ಬಣ್ಣವಿಲ್ಲ. ಪಿಯೆರೊ ದಲೆರ್ಬ ಮೊದಲಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ 466 ರೋಗಿಗಳ ಒಂದು ಸಮೂಹವನ್ನು ಪರಿಶೀಲಿಸಿದಾಗ, ಈ ಜೀನು ಮೌನವಾಗಿದ್ದವರು 32 ಮಂದಿ ಮಾತ್ರ. ಐದು ವರ್ಷ ರೋಗವು ಮರಳದೆ ಬದುಕಿದವರು ಅವರಲ್ಲಿ ಶೇಕಡಾ 41, ಉಳಿದವರಲ್ಲಿ ಶೇಕಡಾ 74. ಕುಲವನ್ನು ಮರೆತ ಕೋಶವು ಅಲೆಮಾರಿಯಾಗುವುದು ಆಶ್ಚರ್ಯವಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವಿದ್ಯಾವಂತರೂ ಇದರಲ್ಲಿ ಎಡವುವುದುಂಟು. ಯಾವ ಮದ್ದು ಕೊಟ್ಟರೂ ಕೊಡದಿದ್ದರೂ ರೋಗದ ಗತಿ ಹೇಗೆಂದು ತಿಳಿಸುವ ಗುರುತು ಒಂದು. ಇಂಥ ಮದ್ದು ಹಿಡಿಯುವುದೋ ಇಲ್ಲವೋ ಎಂದು ತಿಳಿಸುವುದು ಇನ್ನೊಂದು. ಜಠರದ ಅರ್ಬುದದಲ್ಲಿ ಹರ್-2 ಎಂಬ ಜೀನಿನ ಅತಿಯಾದ ಅಭಿವ್ಯಕ್ತಿ ಮುಖ್ಯವಾಗಿ ಎರಡನೆಯ ಬಗೆಯದು. ಅದುಳ್ಳ ರೋಗಿಗಳಿಗೆ ಕೀಮೋಥೆರಪಿಯೊಂದಿಗೆ ಟ್ರಾಸ್ಟುಜುಮಾಬ್ ಎಂಬ ಮದ್ದನ್ನು ಕೊಟ್ಟ 2010ರ ಪ್ರಯೋಗದಲ್ಲಿ ಆಯುಸ್ಸಿನ ಮಧ್ಯಾಂಕ 11.1 ತಿಂಗಳಿನಿಂದ 13.8 ತಿಂಗಳಿಗೆ ಏರಿತು. ಅಲ್ಪವೆಂದು ಕಂಡೀತು, ಮನೆಯವರು ಹಾಗೆ ಎನ್ನಲಾರರು.

ಇಂಥ ಗುರುತುಗಳನ್ನು ಹುಡುಕುವ ಕೆಲಸ ಬೆಂಗಳೂರಿನಲ್ಲಿಯೂ ನಡೆಯದೆ ಇಲ್ಲ. 2002ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ಸಂಶೋಧಕರು ಅನ್ನನಾಳದ, ಜಠರದ ಅರ್ಬುದಗಳಲ್ಲಿ ಯಾವ ಜೀನುಗಳ ದನಿ ಏರಿದೆ, ಯಾವುವು ಕುಗ್ಗಿವೆ ಎಂಬ ಪಟ್ಟಿಗಳನ್ನು ಪ್ರಕಟಿಸಿದ್ದಾರೆ. ಪಟ್ಟಿಯಾದ ಮಾತ್ರಕ್ಕೆ ಅದು ಪರೀಕ್ಷೆಯಾಗುವುದಿಲ್ಲ. ಬೇರೆ ಊರಿನ, ಬೇರೆ ಆಹಾರದ, ಬೇರೆ ಜನರಲ್ಲಿಯೂ ಅದೇ ಗುರುತು ನಿಂತೀತೆಂದು ಸಾಧಿಸಬೇಕು. ಎಷ್ಟೋ ಜೀನುಗಳು ಈ ಒರೆಗಲ್ಲಿನಲ್ಲಿ ಸೋತಿವೆ. ಸಾಧಿಸಿದ ಮೇಲೂ ಶೇಕಡಾ 41 ಎಂಬುದು ಗುಂಪಿನ ಮಾತಲ್ಲದೆ ಮುಂದೆ ಕುಳಿತ ಒಬ್ಬರ ಜಾತಕವಲ್ಲ. ಸಹೃದಯನಾದ ವೈದ್ಯನು ಅಂಕಿಯನ್ನು ಹೇಳುವ ಮೊದಲು ತುಸು ತಡೆಯುವುದು ಈ ಕಾರಣಕ್ಕೇ.

ಇಷ್ಟೆಲ್ಲ ಓದುವಿಕೆಗೆ ಆಧಾರವಾಗಿರುವುದು ಬೆರಳಿನ ತುದಿಯಷ್ಟು ಮೇಣದ ತುಂಡು. ಬಯಾಪ್ಸಿಯ ಮಾಂಸವನ್ನು ಫಾರ್ಮಲಿನ್ನಿನಲ್ಲಿ ನೆನೆಸಿ ಮೇಣದಲ್ಲಿ ಹುದುಗಿಸಿಟ್ಟರೆ ವರ್ಷಗಳ ಮೇಲೂ ತೆಳುವಾಗಿ ಸೀಳಿ ಬಣ್ಣಹಾಕಿ ನೋಡಬಹುದು. ಆಸ್ಪತ್ರೆಯವರು ಅದನ್ನು ‘ಬ್ಲಾಕು’ ಎನ್ನುತ್ತಾರೆ. ಮತ್ತೊಬ್ಬ ವೈದ್ಯರ ಅಭಿಪ್ರಾಯಕ್ಕೆ ಹೋಗುವವರು ಅದನ್ನು ಕೇಳಿ ಪಡೆದು ಜೊತೆಗೊಯ್ಯಬೇಕು. ಮಾರಂಡಹಳ್ಳಿಯಿಂದ ರೈಲು ಹತ್ತುವವರು ರಿಪೋರ್ಟಿನ ಕಾಗದಗಳನ್ನು ಭದ್ರವಾಗಿ ಮಡಿಸಿಟ್ಟು ಈ ಪುಟ್ಟ ಡಬ್ಬಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟುಬಿಡುವುದುಂಟು. ಬೇಸಗೆಯ ಬಿಸಿಲಿಗೆ ಮೇಣವು ಮೆತ್ತಗಾಗುತ್ತದೆ. ಅದನ್ನು ಚೀಲದ ತಳದಲ್ಲಿ, ಬಟ್ಟೆಯ ನಡುವೆ ಇಡತಕ್ಕದ್ದು.