ನೋಡಿ ಬರೆಯುವುದೂ ನೋಡಲು ಕಲಿಯುವುದೂ

ಮತ್ತೊಬ್ಬರ ಚಿತ್ರವನ್ನು ನೋಡಿ ಬರೆಯುವುದರಿಂದ ಮಕ್ಕಳ ಸ್ವಂತ ಬುದ್ಧಿಯು ಕುಂದುವುದಿಲ್ಲವೇ ಎಂದು ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದದ್ದೇ. ಪಕ್ಕದವಳ ಲೆಕ್ಕವನ್ನು ನೋಡಿ ಬರೆದವಳು ಏನನ್ನೂ ಕಲಿಯಳಷ್ಟೆ. ಚಿತ್ರದ ವಿಷಯದಲ್ಲಿ ಹಾಗಲ್ಲವೆಂಬುದನ್ನು ಒಂದು ನಿದರ್ಶನದಿಂದ ತಿಳಿಸಬಯಸುತ್ತೇವೆ.

ವೆನಿಸ್ ನಗರದ ಅಕಾಡೆಮಿಯ ಚಿತ್ರಶಾಲೆಯಲ್ಲಿ ಕಾರ್ಪಾಚ್ಚೋ ಎಂಬ ಚಿತ್ರಕಾರನು 1495ರಲ್ಲಿ ಬರೆದ ‘ಸಂತ ಉರ್ಸುಲೆಯ ಸ್ವಪ್ನ’ವೆಂಬ ದೊಡ್ಡ ಚಿತ್ರವಿದೆ. ಎತ್ತರದ ಕಂಬಗಳುಳ್ಳ ಮಂಚದ ಮೇಲೆ ರಾಜಕುಮಾರಿಯು ಕೆನ್ನೆಗೆ ಕೈಕೊಟ್ಟು ನಿದ್ರಿಸುತ್ತಿದ್ದಾಳೆ. ಕಿಟಕಿಗಳಲ್ಲಿ ಗಿಡದ ಕುಂಡಗಳು. ನೆಲದ ಮೇಲೆ ಅವಳ ಪಾದರಕ್ಷೆಗಳು, ಒಂದು ಚಿಕ್ಕ ನಾಯಿ. ಬಲಗಡೆಯ ಬಾಗಿಲಿನಿಂದ ಬೆಳಕಿನೊಡನೆ ದೇವದೂತನು ಒಳಗೆ ಬರುತ್ತಿದ್ದಾನೆ. ಆಕ್ಸ್‌ಫರ್ಡಿನಲ್ಲಿ ಕಲಾಪ್ರಾಧ್ಯಾಪಕರಾಗಿ ಪ್ರಸಿದ್ಧಿ ಹೊಂದಿದ್ದ ಜಾನ್ ರಸ್ಕಿನ್ನರು 1876-77ರ ಚಳಿಗಾಲದಲ್ಲಿ, ತಮ್ಮ 57ನೆಯ ವಯಸ್ಸಿನಲ್ಲಿ, ವಿದ್ಯಾರ್ಥಿಯಂತೆ ಬಹುದಿನ ಈ ಚಿತ್ರದ ಮುಂದೆ ಕುಳಿತು ಜಲವರ್ಣದಲ್ಲಿ ಅದರ ಪ್ರತಿಯನ್ನು ಬರೆದರು.

ಇಂತಹ ಚಿತ್ರವನ್ನು ಪ್ರತಿಮಾಡುವವಳು ಮೊದಲು ಕುಂಚವನ್ನು ಮುಟ್ಟಬಾರದು. ಕಣ್ಣಿನ ಮಟ್ಟದ ರೇಖೆಯನ್ನು ಗೊತ್ತುಮಾಡಿ, ಗೋಡೆ, ಮಂಚ, ಬಾಗಿಲುಗಳನ್ನು ಪೆನ್ಸಿಲಿನಿಂದ ತೆಳುವಾಗಿ ಬರೆದುಕೊಳ್ಳಬೇಕು. ಬಾಗಿಲಿನ ಎತ್ತರದಲ್ಲಿ ದೇವದೂತನು ಎಷ್ಟು ಪಾಲೆಂದು ಅಳೆದ ಮೇಲೆಯೇ ಅವನನ್ನು ಅಲ್ಲಿ ನಿಲ್ಲಿಸಬೇಕು. ಕಟ್ಟಡವು ತಪ್ಪಿದರೆ ಮನುಷ್ಯರಿಗೆ ನಿಲ್ಲಲು ನೆಲವೇ ಇರದು.

ಬಣ್ಣ ಹಚ್ಚುವಾಗ ನಿಜವಾದ ಪರೀಕ್ಷೆಯು ಬರುತ್ತದೆ. ತೈಲವರ್ಣದಲ್ಲಿ ಬೆಳಕನ್ನು ಕೊನೆಗೆ ಮೇಲೆ ಹಚ್ಚಬಹುದು. ಶುದ್ಧ ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಹಾಸಿಗೆಯ ಬಿಳುಪನ್ನು ಮೊದಲೇ ಉಳಿಸಿಕೊಳ್ಳದಿದ್ದರೆ ಮತ್ತೆ ಪೂರ್ಣವಾಗಿ ದೊರೆಯದು. ಆದಕಾರಣ ಎಲ್ಲಿ ಹಚ್ಚಬೇಕೆಂಬುದಕ್ಕಿಂತ ಎಲ್ಲಿ ಹಚ್ಚಬಾರದೆಂಬುದನ್ನು ಮುಂಚೆ ತಿಳಿಯಬೇಕು. ತೆಳುವಾದ ಬಣ್ಣ ಮೊದಲು. ಅದು ಒಣಗಿದ ಮೇಲೆ ಎರಡನೆಯದು. ಗಾಢವಾದ ನೆರಳು ಕಡೆಗೆ. ಅವಸರಪಟ್ಟರೆ ಒಂದು ಬಣ್ಣವು ಮತ್ತೊಂದರೊಳಗೆ ಹರಿದು ಕೆಸರಾಗುವುದು. ಹೀಗೆ ಕೈಗಿಂತ ಮೊದಲು ಕಣ್ಣೂ ತಾಳ್ಮೆಯೂ ಶಿಕ್ಷಣ ಹೊಂದುತ್ತವೆ.

ಹೆಣ್ಣುಮಕ್ಕಳಿಗೆ ಈ ಅಭ್ಯಾಸವು ಒಂದು ಕಾಲದಲ್ಲಿ ವಿದ್ಯೆಯ ಬಾಗಿಲೇ ಆಗಿತ್ತು. ಪ್ಯಾರಿಸಿನ ಸರಕಾರಿ ಕಲಾಶಾಲೆಯು 1897ರ ವರೆಗೂ ಸ್ತ್ರೀಯರನ್ನು ಸೇರಿಸಿಕೊಳ್ಳಲಿಲ್ಲ. ಅದಕ್ಕೆ ಬಹು ಮುಂಚೆಯೇ ಬೆರ್ತ್ ಮೊರಿಸೊ ಎಂಬವರು ಲೂವ್ರ್ ಚಿತ್ರಶಾಲೆಯಲ್ಲಿ ಹಳೆಯ ಚಿತ್ರಗಳನ್ನು ಪ್ರತಿಮಾಡಿ ಕಲಿತರು. 1874ರಲ್ಲಿ ಅಲ್ಲಿಯ ಮೊದಲನೆಯ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಅವರು ಇಟ್ಟ ಚಿತ್ರಗಳು ಯಾರ ಪ್ರತಿಯೂ ಅಲ್ಲ, ಸಂಪೂರ್ಣವಾಗಿ ಅವರವೇ. ಪ್ರತಿಮಾಡಿದ್ದರಿಂದ ಅವರ ಸ್ವಂತ ಬುದ್ಧಿಯು ಕುಂದಲಿಲ್ಲ.

ಆದರೆ ಎರಡು ನಿಯಮಗಳನ್ನು ಮೀರಬಾರದು. ಪ್ರತಿಯ ಕೆಳಗೆ ಮೂಲಚಿತ್ರಕಾರನ ಹೆಸರನ್ನು ಬರೆಯಬೇಕು. ಇದು ಸತ್ಯದ ಮಾತು. ಪ್ರತಿಯು ಮುಗಿದ ಮೇಲೆ ಅದನ್ನು ಮುಚ್ಚಿಟ್ಟು, ಮನೆಯ ಜಗಲಿಯನ್ನೂ ಅದರ ಕಂಬವನ್ನೂ ಅಲ್ಲಿ ಕುಳಿತು ಅಕ್ಕಿ ಆರಿಸುವ ಅಜ್ಜಿಯನ್ನೂ ನೋಡಿ ಬರೆಯಬೇಕು. ಇದು ವಿದ್ಯೆಯ ಫಲ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳು ಚಿತ್ರವನ್ನು ತಂದು ತೋರಿಸಿದಾಗ, ಮೂಲದಂತೆಯೇ ಇದೆಯೆಂದು ಹೊಗಳಿ ಸುಮ್ಮನಾಗಬೇಡಿರಿ. ಬೆಳಕು ಎಲ್ಲಿಂದ ಬರುತ್ತಿದೆಯಮ್ಮಾ ಎಂದು ಕೇಳಿರಿ. ಆಕೆ ತಡೆಯದೆ ಉತ್ತರಕೊಟ್ಟರೆ ಕಲಿತಿದ್ದಾಳೆಂದು ತಿಳಿಯಿರಿ.